ಮೈಲೇಜ್ ಮಾವ

ನಮ್ಮ ಸೋದರಮಾವನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಮೈಲೇಜ್ ಮಾವ. ಹೆದ್ದಾರಿಗೆ ಹೊರಡುವ ದಿನ ಅವರು ಕಾರು ಹೊರಡಿಸುವ ಮೊದಲೇ ನಾಲ್ಕೂ ಟೈರಿನ ಗಾಳಿ ನೋಡುತ್ತಾರೆ, ಡಿಕ್ಕಿಯಲ್ಲಿದ್ದ ಹಳೆಯ ಛತ್ರಿಯನ್ನೂ ಇಳಿಸುತ್ತಾರೆ, ನೆಂಟರ ಸೂಟ್‌ಕೇಸ್ ಎತ್ತಿ ನೋಡಿ, "ಎರಡು ದಿನಕ್ಕೆ ಇಷ್ಟೊಂದು ಬಟ್ಟೆಯಾ?" ಎಂದು ನಿಟ್ಟುಸಿರು ಬಿಡುತ್ತಾರೆ. ಆಕ್ಸಲರೇಟರನ್ನು ತೊಟ್ಟಿಲು ತೂಗಿದ ಹಾಗೆ ಒತ್ತಬೇಕಂತೆ. ಬ್ರೇಕ್ ಹಾಕುವುದೆಂದರೆ ಪೆಟ್ರೋಲನ್ನು ರಸ್ತೆಗೆ ಚೆಲ್ಲಿದ ಹಾಗಂತೆ, ಆದ್ದರಿಂದ ಟೋಲ್‌ಗೇಟ್ ಇನ್ನೂ ಚುಕ್ಕಿಯಷ್ಟು ಕಾಣುವಾಗಲೇ ಕಾಲು ತೆಗೆಯುತ್ತಾರೆ. ವೇಗ ಅರವತ್ತು, ಅರವತ್ತೊಂದಾದರೆ ಮಹಾಪರಾಧ. ಹಿಂದಿನ ಲಾರಿಗಳು ಹಾರ್ನ್ ಹೊಡೆದು ಹೊಡೆದು ಗಂಟಲು ಕಟ್ಟಿಸಿಕೊಂಡು ಮುಂದೆ ಹೋಗುತ್ತವೆ. "ಭಾವ, ನಿಮ್ಮ ಕಾರಲ್ಲಿ ಮದುವೆಗೆ ಹೊರಟ್ರೆ ನಾಮಕರಣಕ್ಕೆ ತಲುಪ್ತೀವಿ" ಎಂದು ಅತ್ತೆಯ ತಮ್ಮ ಛೇಡಿಸಿದರೆ, "ಲೀಟರಿಗೆ ಇಪ್ಪತ್ನಾಲ್ಕು ಬರ್ತಿದೆ, ಸುಮ್ನಿರೋ" ಎನ್ನುತ್ತಾರೆ. ಪಕ್ಕದ ಸೀಟಿನ ಅತ್ತೆಯೂ ಎಲ್ಲರ ಜೊತೆ ನಗುತ್ತಾರೆ. ಹೋದ ವಾರ ಅತ್ತೆ ಮನೆಯಲ್ಲೇ ಉಳಿದರು, ಮಾವನ ಜೊತೆ ನಾನೊಬ್ಬನೇ ಹೋಗಿದ್ದೆ. ಹೆದ್ದಾರಿಗೆ ಬಂದದ್ದೇ ತಡ, ಮುಳ್ಳು ತೊಂಬತ್ತು ದಾಟಿತು. "ಮಾವ, ಮೈಲೇಜು?" ಎಂದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಆವತ್ತು ಬಸ್ಸು ಮಗುಚಿದಾಗ ನಿಮ್ಮತ್ತೆ ಒಳಗಿದ್ಲಲ್ಲ, ಆವಾಗಿಂದ ಅರವತ್ತು ದಾಟಿದ್ರೆ ಅವಳ ಕೈ ನಡುಗುತ್ತೆ ಕಣೋ. ಪುಕ್ಕಲಿ ಅಂತ ಅವಳನ್ನ ನೋಡಿ ಯಾರೂ ನಗಬಾರ್ದು. ಜಿಪುಣ ಅಂತ ನನ್ನ ನೋಡಿ ನಗ್ಲಿ, ನನ್ನ ಗಂಟೇನು ಹೋಗುತ್ತೆ? ಅವಳೂ ಇದು ಮೈಲೇಜಿಗೇ ಅಂತ ನಂಬಿದಾಳೆ. ನೀನು ಬಾಯಿಬಿಟ್ಟೀಯ, ಜೋಕೆ!"