ಎಣಿಸದ ಇಪ್ಪತ್ತು

ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಆಪರೇಷನ್ ಆದವರನ್ನು ಮಲಗಿಸುವ ವಾರ್ಡಿನ ಹಿರಿಯ ಸಿಸ್ಟರಿಗೆ ‘ನಿಂತೂಟದಮ್ಮ’ ಎಂದು ಹೆಸರು ಬಿದ್ದಿತ್ತು. ಯಾರಿಟ್ಟರೋ ತಿಳಿಯದು, ಆದರೆ ಹೆಸರು ಸುಳ್ಳಾಗಿರಲಿಲ್ಲ. ಊಟದ ಡಬ್ಬಿಯನ್ನು ಔಷಧದ ಬೀರುವಿನ ಮೇಲಿಟ್ಟು ಒಂದು ತುತ್ತು ಬಾಯಿಗೆ ಹಾಕಿಕೊಂಡರೆ, ಎರಡನೆಯ ತುತ್ತಿಗೆ ಮೊದಲು ವಾರ್ಡಿಗೆ ಒಂದು ಸುತ್ತು ಹಾಕಿ ಬರಬೇಕು. ಹದಿನೇಳು ವರ್ಷಗಳಿಂದ ಹೀಗೆಯೇ. “ದೇವರು ಇವರ ಕಾಲಿಗೆ ಚಕ್ರ ಕಟ್ಟಿದ, ಬ್ರೇಕ್ ಹಾಕೋದು ಮರೆತ” ಎಂದು ನೆಲ ಒರೆಸುವ ಆಯಾ ಹೊಸಬರಿಗೆಲ್ಲ ಪರಿಚಯ ಹೇಳುತ್ತಿದ್ದಳು.

ಆ ದಿನ ಬೆಳಿಗ್ಗೆ ಅವರ ಚಡಪಡಿಕೆಗೆ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಅವರ ಸ್ವಂತ ಅಕ್ಕನ ಮಗಳು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಳು. ಮೂರು ವಾರಗಳಿಂದ ಅದೇ ವಾರ್ಡಿನಲ್ಲಿ ಅವಳ ತರಬೇತಿ. ಮಧ್ಯಾಹ್ನ ನರ್ಸಿಂಗ್ ಶಾಲೆಯ ಟೀಚರ್ ಬಂದು, ಸಿಸ್ಟರ ಅಭಿಪ್ರಾಯ ಕೇಳಿ, ಹುಡುಗಿ ಪಾಸೋ ಅಲ್ಲವೋ ಬರೆದುಕೊಂಡು ಹೋಗುವವರಿದ್ದರು. ಮನೆಯಲ್ಲಿ ‘ಚಿಕ್ಕಮ್ಮ’, ವಾರ್ಡಿನಲ್ಲಿ ‘ಸಿಸ್ಟರ್’ ಎಂದು ಮೊದಲ ದಿನವೇ ಇಬ್ಬರೂ ಮಾತಾಡಿಕೊಂಡಿದ್ದರು. ಹುಡುಗಿಯ ಕೈಬರಹ ಮುತ್ತು ಪೋಣಿಸಿದಂತೆ. ಅವಳು ತುಂಬಿದ ಚಾರ್ಟುಗಳನ್ನು ನೋಡಿದ ಟೀಚರ್ ಎರಡು ಸಲ ಹೊಗಳಿದ್ದರು. ಸಿಸ್ಟರಿಗೆ ಒಳಗೊಳಗೇ ಹಿಗ್ಗು.

ಒಂಬತ್ತು ಗಂಟೆಯ ಹೊತ್ತಿಗೆ ವಾರ್ಡು ಕೊತಕೊತ ಕುದಿಯುತ್ತಿತ್ತು. ನಾಲ್ಕನೆಯ ಮಂಚದಲ್ಲಿ ಕಾಲು ಮುರಿದುಕೊಂಡ ಲಾರಿ ಮಾಲೀಕರು, “ಇಲ್ಲಿ ಯಾರಾದ್ರೂ ಬದುಕಿದ್ದೀರಾ? ಸತ್ತ ಮೇಲೆ ಬರ್ತೀರಾ?” ಎಂದು ಮಹಡಿ ಹಾರಿಹೋಗುವಂತೆ ಕೂಗುತ್ತಿದ್ದರು. ಒಂಬತ್ತನೆಯ ಮಂಚದ ಗ್ಲೂಕೋಸ್ ಬಾಟಲಿ ಮುಗಿಯುತ್ತ ಬಂದಿತ್ತು. ಹನ್ನೊಂದನೆಯ ಮಂಚದಲ್ಲಿ, ಕರುಳಿನ ಆಪರೇಷನ್ ಆಗಿ ಮೂರನೆಯ ದಿನ ಕಾಣುತ್ತಿದ್ದ ಮುದಿ ಟೈಲರು ಕಣ್ಣು ಮುಚ್ಚಿ ತೆಪ್ಪಗೆ ಮಲಗಿದ್ದರು.

ಸಿಸ್ಟರು ಅಕ್ಕನ ಮಗಳನ್ನು ಕರೆದರು. “ಹೇಳು, ಮೊದಲು ಯಾರ ಹತ್ರ ಹೋಗ್ತೀಯ?”

“ನಾಲ್ಕನೇ ಬೆಡ್, ಸಿಸ್ಟರ್. ತುಂಬ ನೋವಿದೆ ಪಾಪ.”

“ಅಷ್ಟು ಜೋರಾಗಿ ಕೂಗೋಕೆ ಎಷ್ಟು ಉಸಿರು ಬೇಕು ಗೊತ್ತಾ? ಅವರ ಎದೆ ಗಟ್ಟಿಯಾಗಿದೆ ಅಂತ ಅವರೇ ಸಾರಿ ಹೇಳ್ತಿದ್ದಾರೆ. ಮಾತ್ರೆ ಕೊಡೋಣ, ಐದು ನಿಮಿಷ ಕಾಯ್ತಾರೆ. ಆಮೇಲೆ?”

“ಒಂಬತ್ತನೇ ಬೆಡ್ ಬಾಟ್ಲಿ.”

“ಅದಕ್ಕಿನ್ನೂ ಹತ್ತು ನಿಮಿಷ ಇದೆ. ಹನ್ನೊಂದು?”

“ಅವರು ಆರಾಮಾಗಿದ್ದಾರೆ ಸಿಸ್ಟರ್. ಏನೂ ಕೇಳ್ತಿಲ್ಲ.”

ಅಳದ ಮಗುವಿಗೆ ಹಾಲಿಲ್ಲ ಎನ್ನುವುದು ಮನೆಗೆ ಸರಿ, ವಾರ್ಡಿಗೆ ಸಲ್ಲದು. ಸಿಸ್ಟರು ಹನ್ನೊಂದನೆಯ ಮಂಚದತ್ತ ನಡೆದರು. ಹುಡುಗಿ ಹಿಂದೆಯೇ ಬಂದಳು. ಅವಳ ಬಿಳಿ ಕೋಟಿನ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

ಆ ಗುಂಡಿಯೇ ಸಿಸ್ಟರನ್ನು ಎಚ್ಚರಿಸಿದ್ದು. ಹಿಂದಿನ ಬೆಳಿಗ್ಗೆ ಟೈಲರು ಇದೇ ಗುಂಡಿಯನ್ನು ಕಂಡು, “ಅಮ್ಮಾ, ನನ್ನ ಹೊಟ್ಟೆ ಹೊಲಿದಿದ್ದು ಸಾಕು, ಮೊದಲು ಈ ಮಗೂ ಗುಂಡಿ ಹೊಲಿಸಿ. ನೋಡೋಕಾಗ್ತಿಲ್ಲ” ಎಂದು ಇಡೀ ವಾರ್ಡನ್ನು ನಗಿಸಿದ್ದರು. ಅದೇ ಸಂಜೆ ಸಿಸ್ಟರ ಕಾಲರಿನ ಹೊಲಿಗೆ ಓರೆ ಎಂದು ತಕರಾರು ಮಾಡಿದ್ದರು. ಈಗ ಗುಂಡಿ ಅವರ ಮೂಗಿನ ಮುಂದೆಯೇ ತೂಗಾಡುತ್ತಿದೆ. ಕಣ್ಣು ತೆರೆದವರು ಅದರ ಕಡೆ ನೋಡಲೇ ಇಲ್ಲ.

“ಹೇಗಿದೀರಿ ಅಜ್ಜಾ?”

“ನಂಗೇನಿಲ್ಲಮ್ಮ… ಕೂಗ್ತಾ ಇದಾರಲ್ಲ… ಅವರನ್ನ… ನೋಡ್ರಿ.”

ಒಂದು ಸಣ್ಣ ಮಾತಿಗೆ ನಾಲ್ಕು ತುಂಡು. ಸಿಸ್ಟರು ಮುದುಕರ ಮಣಿಕಟ್ಟನ್ನು ಹಿಡಿದರು. ನಾಡಿ ನೋಡಿದ್ದಾಯಿತು, ಆದರೆ ಕೈ ಬಿಡಲಿಲ್ಲ. ಉಸಿರು ಎಣಿಸುತ್ತಿದ್ದಾರೆಂದು ರೋಗಿಗೆ ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕಾಗಿ ಕೈ ಹಿಡಿದು ಎದೆ ನೋಡುವುದು ಹಳೆಯ ನರ್ಸುಗಳ ಉಪಾಯ. ಗಡಿಯಾರದ ಮುಳ್ಳು ಒಂದು ಪೂರ್ತಿ ಸುತ್ತು ಬಂತು.

ಮೂವತ್ತನಾಲ್ಕು.

ಇಪ್ಪತ್ತರ ಆಸುಪಾಸಿನಲ್ಲಿ ಇರಬೇಕಾದದ್ದು. ಹೊದಿಕೆ ಸರಿಸಿದರು. ಹೊಟ್ಟೆ ಬಿಗಿದಿತ್ತು. ಮುಟ್ಟಿದರೆ ಮುದುಕರು ಮುಖ ಕಿವುಚಿದರು. ಅಷ್ಟರಲ್ಲಿ ಟೈಲರ ಹೆಂಡತಿ ಲೋಟ ಹಿಡಿದು ಬಂದರು. “ಬಾಯಿ ಒಣಗ್ತಿದೆ ಅಂದ್ರು, ಒಂದೇ ಗುಟುಕು…”

“ಒಂದು ಹನೀನೂ ಬೇಡಮ್ಮ. ಡಾಕ್ಟ್ರು ಬಂದು ನೋಡೋವರೆಗೂ ಬೇಡ.” ಸಿಸ್ಟರು ಲೋಟ ಇಸಿದುಕೊಂಡು, ಮಂಚದ ತಲೆಯ ಭಾಗವನ್ನು ಎತ್ತರಿಸಿ, ಆಮ್ಲಜನಕದ ಕೊಳವೆ ಹಾಕಿಸಿ, ಫೋನಿನತ್ತ ಹೆಚ್ಚುಕಡಿಮೆ ಓಡಿದರು.

“ಡಾಕ್ಟ್ರೇ, ಹನ್ನೊಂದನೇ ಬೆಡ್, ಕರುಳಿನ ಆಪರೇಷನ್, ಮೂರನೇ ದಿನ. ಉಸಿರು ಮೂವತ್ತನಾಲ್ಕು, ನಾಡಿ ನೂರ ಹದಿನೆಂಟು. ಹೊಟ್ಟೆ ಬಿಗಿದಿದೆ, ಮನುಷ್ಯ ಮಂಕಾಗಿದ್ದಾರೆ. ಒಳಗೆ ಹೊಲಿಗೆ ಸೋರ್ತಿದೆಯೇನೋ ಅಂತ ನನಗೆ ಭಯ. ಈಗ್ಲೇ ಬರಬೇಕು.”

ಡ್ಯೂಟಿ ಡಾಕ್ಟರು ಕಿರಿಯರು, ರಾತ್ರಿಯಿಡೀ ನಿದ್ದೆಗೆಟ್ಟವರು. ಮುಖ ಗಂಟಿಕ್ಕಿಕೊಂಡೇ ಬಂದು, ಹೊಟ್ಟೆಯ ಮೇಲೊಮ್ಮೆ ಕೈಯಾಡಿಸಿ, ಚಾರ್ಟು ಕೈಗೆತ್ತಿಕೊಂಡರು.

“ಜ್ವರ ಅಷ್ಟೇನಿಲ್ಲ, ಬಿಪಿ ಸರಿಯಾಗಿದೆ. ನಿನ್ನೆಯಿಂದ ಉಸಿರು ನೋಡಿ: ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಬೆಳಿಗ್ಗೆ ಎಂಟಕ್ಕೂ ಇಪ್ಪತ್ತು. ಒಂದು ಗಂಟೇಲಿ ಮೂವತ್ತನಾಲ್ಕಾಯ್ತಾ? ಆ ಲಾರಿ ಸಾಹುಕಾರರ ಕೂಗಿಗೆ ಗಾಬರಿ ಬಿದ್ದಿರ್ತಾರೆ ಸಿಸ್ಟರ್. ನೋವಿಗೆ ಒಂದು ಇಂಜೆಕ್ಷನ್ ಕೊಡಿ, ಸಂಜೆವರೆಗೂ ನೋಡೋಣ.”

ಸಿಸ್ಟರು ಚಾರ್ಟಿನ ಮೇಲೆ ಕಣ್ಣು ಹಾಯಿಸಿದರು. ಮುತ್ತಿನಂಥ ಅಕ್ಷರ. ಉಸಿರಿನ ಸಾಲಿನಲ್ಲಿ ಮೇಲಿನಿಂದ ಕೆಳಗೆ, ಇರುವೆ ಸಾಲಿನ ಹಾಗೆ, ಇಪ್ಪತ್ತು. ರಾತ್ರಿಪಾಳಿಯವರ ಕೈಬರಹ ಬೇರೆ, ಅಲ್ಲಿಯೂ ಇಪ್ಪತ್ತು. ಜ್ವರಕ್ಕೆ ಒಂದು ಕಡ್ಡಿಯುಂಟು, ರಕ್ತದೊತ್ತಡಕ್ಕೆ ಯಂತ್ರವುಂಟು. ಉಸಿರಿಗೆ ಏನೂ ಇಲ್ಲ; ಒಂದು ನಿಮಿಷ ನಿಂತು ಎಣಿಸಬೇಕು. ಆ ಒಂದು ನಿಮಿಷ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ‘ಇಪ್ಪತ್ತು ಬರೆದ್ರೆ ಯಾರೂ ಕೇಳಲ್ಲ’ ಎಂಬ ಪಾಠ, ಯಾವ ಪುಸ್ತಕದಲ್ಲೂ ಇಲ್ಲದ ಪಾಠ, ಹಿರಿಯರಿಂದ ಕಿರಿಯರಿಗೆ ದಾಟಿಕೊಂಡು ಬಂದಿತ್ತು. ಹಾಳೆಯ ಕೆಳಗೆ ಹಿಂದಿನ ದಿನದ ಪಾಳಿಗೆ ಸಿಸ್ಟರದ್ದೇ ಸಹಿಯಿತ್ತು.

ಬಾಯಿ ತೆರೆದರೆ ಅಕ್ಕನ ಮಗಳು ಮಧ್ಯಾಹ್ನ ಫೇಲು. ಹದಿನೇಳು ವರ್ಷದ ಸಹಿಯ ಮೇಲೆ ಮಸಿ. ಬಾಯಿ ಮುಚ್ಚಿಕೊಂಡರೆ ಮುದುಕರಿಗೆ ಸಂಜೆಯವರೆಗೆ ಕಾಲಾವಕಾಶವಿದೆಯೋ ಇಲ್ಲವೋ. ಮಂಚದ ಆ ಬದಿಯಲ್ಲಿ ಟೈಲರ ಹೆಂಡತಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು.

“ಡಾಕ್ಟ್ರೇ, ಆ ಇಪ್ಪತ್ತನ್ನ ನಂಬಬೇಡಿ. ಅದು ಎಣಿಸಿ ಬರೆದಿದ್ದಲ್ಲ.”

“ಅಂದ್ರೆ?”

“ಅಂದ್ರೆ, ಇವರ ಉಸಿರು ನಿನ್ನೆಯಿಂದ ಎಷ್ಟಿತ್ತು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ನೋಡದೆ ಸಹಿ ಹಾಕಿದ್ದು ನಾನು.”

ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು. “ನಾನು ಎಣಿಸ್ಲಿಲ್ಲ ಸರ್. ನಿನ್ನೇನೂ ಇಲ್ಲ, ಇವತ್ತೂ ಇಲ್ಲ.”

ಡಾಕ್ಟರು ಚಾರ್ಟನ್ನು ಮಂಚದ ಮೇಲೆ ಹಾಕಿ, ತಾವೇ ಮುದುಕರ ಕೈ ಹಿಡಿದು, ಗಡಿಯಾರ ನೋಡುತ್ತ ನಿಂತರು. ನಿಮಿಷ ಮುಗಿಯುವ ಮೊದಲೇ ಇನ್ನೊಂದು ಕೈ ಜೇಬಿನ ಫೋನಿಗೆ ಹೋಯಿತು. “ಸರ್, ನೀವು ಒಂದ್ಸಲ ಬಂದು ನೋಡಲೇಬೇಕು. ಹೌದು ಸರ್, ಈಗ್ಲೇ.”

ಹನ್ನೊಂದೂವರೆಗೆ ಟೈಲರನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ದರು. ಅನಂತರದ ಮೂರು ಗಂಟೆಗಳಲ್ಲಿ ಸಿಸ್ಟರು ಎಷ್ಟು ಸುತ್ತು ಹಾಕಿದರೋ ಲೆಕ್ಕವಿಲ್ಲ. ಲಾರಿ ಮಾಲೀಕರೇ ಕೊನೆಗೆ, “ಅಮ್ಮಾ, ಒಂದು ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನನಗೆ ಮುರಿಯದೇ ಇರೋ ಕಾಲೂ ನೋಯ್ತಿದೆ” ಎಂದರು.

ಔಷಧದ ಬೀರುವಿನ ಮರೆಯಲ್ಲಿ ಹುಡುಗಿ ಅಳುತ್ತಿದ್ದಳು. “ಚಿಕ್ಕಮ್ಮ, ಎಲ್ಲರೂ ಹಾಗೇ ಬರೀತಾರೆ ಅಂತ…”

ವಾರ್ಡಿನಲ್ಲಿ ಚಿಕ್ಕಮ್ಮ ಎಂದದ್ದನ್ನು ಸಿಸ್ಟರು ತಿದ್ದಲಿಲ್ಲ. “ನಾನೂ ಬರೀತಿದ್ದೆ, ನಿನ್ನ ವಯಸ್ಸಲ್ಲಿ. ಹೆರಿಗೆ ಆಗಿದ್ದ ಒಬ್ಬಳಿಗೆ ಬೆಳಿಗ್ಗೆ ಇಪ್ಪತ್ತು ಅಂತ ಬರೆದೆ. ನನ್ನ ಜಡೆ ಚೆನ್ನಾಗಿದೆ ಅಂದಿದ್ಲು. ಸಂಜೆ ಹೋಗಿಬಿಟ್ಲು.”

“ಅದರಿಂದಾನೇನಾ?”

“ಅದೇ ಗೊತ್ತಿಲ್ಲ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಚಾರ್ಟು ಕಟ್ಟಿ ಒಳಗಿಟ್ರು. ಎಣಿಸಿದ್ರೆ ಗೊತ್ತಾಗ್ತಿತ್ತು. ಕೂತ್ಕೊಂಡ್ರೆ ಸಾಕು, ಅವಳ ಉಸಿರು ಎಷ್ಟಿತ್ತೋ ಅಂತ ಶುರುವಾಗುತ್ತೆ.” ಸಿಡುಕುತ್ತ ಸೇರಿಸಿದರು: “ಇಷ್ಟಾದ್ರೂ ನಿನ್ನ ಸಾಲು ಇಪ್ಪತ್ತನ್ನ ನೋಡದೆ ಸಹಿ ಹಾಕಿದೀನಿ. ಅಕ್ಷರ ಚೆನ್ನಾಗಿದೆ ಅಂತ! ಮುಖ ತೊಳ್ಕೋ, ನಡಿ. ಆರನೇ ಬೆಡ್ ಡ್ರೆಸ್ಸಿಂಗ್ ಇದೆ.”

ಎರಡೂವರೆಗೆ ಸರ್ಜನ್ ಹೊರಬಂದರು. ಒಳಹೊಲಿಗೆ ಒಂದು ಕಡೆ ಬಿಟ್ಟಿತ್ತು. ಸರಿಪಡಿಸಿದ್ದಾಗಿದೆ, ಸಂಜೆಯವರೆಗೆ ಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದಷ್ಟೇ ಹೇಳಿ ಹೋದರು.

ಮೂರಕ್ಕೆ ಬಂದ ಟೀಚರ್‌ಗೆ ಸಿಸ್ಟರು ಎಲ್ಲವನ್ನೂ ಇದ್ದಂತೆ ಹೇಳಿದರು. ಹುಡುಗಿ ಇನ್ನೊಂದು ತಿಂಗಳು ಅದೇ ವಾರ್ಡಿನಲ್ಲಿ ತರಬೇತಿ ಮಾಡಬೇಕೆಂದಾಯಿತು. ಸಿಸ್ಟರಿಗೆ ಮೇಲಿನವರಿಂದ ಎಚ್ಚರಿಕೆಯ ಕಾಗದ ಬಂತು. ಸಂಜೆ ಅಕ್ಕನ ಫೋನು: “ಊರವರ ಮಕ್ಕಳಿಗೆಲ್ಲ ಪಾಸ್ ಹಾಕಿ, ನನ್ನ ಮಗಳಿಗೆ ಹೀಗೆ ಮಾಡಿದ್ಯಲ್ಲೇ! ನೀನೊಬ್ಬ ಚಿಕ್ಕಮ್ಮನಾ?”

“ಚಿಕ್ಕಮ್ಮ ಆಗಿರೋದಕ್ಕೇ ಕಣೇ” ಎಂದರು ಸಿಸ್ಟರು, ಅಡುಗೆಮನೆಯಲ್ಲಿ ಅಡ್ಡಾಡುತ್ತಲೇ. ಅಕ್ಕ ಎಂಟು ದಿನ ಮಾತು ಬಿಟ್ಟಳು.

ಒಂಬತ್ತನೆಯ ದಿನ ಟೈಲರನ್ನು ತೀವ್ರ ನಿಗಾ ಘಟಕದಿಂದ ವಾರ್ಡಿಗೆ ತಂದರು. ಅರ್ಧ ಆಳಾಗಿದ್ದರು. ಹುಡುಗಿ ಅವರ ಮಣಿಕಟ್ಟು ಹಿಡಿದು ನಿಂತಳು. ಮುಳ್ಳು ಇನ್ನೂ ಅರ್ಧ ಸುತ್ತು ಬಂದಿತ್ತಷ್ಟೇ.

“ಏನು ಮಗೂ, ಕೈ ಹಿಡಿದು ಎದೆ ನೋಡ್ತೀಯಲ್ಲ? ಏನು ಎಣಿಸ್ತಾ ಇದೀಯ?”

“ಅಯ್ಯೋ ಅಜ್ಜಾ, ಮಾತಾಡಿಸಿ ಲೆಕ್ಕ ತಪ್ಪಿಸಿದ್ರಿ. ಮತ್ತೆ ಮೊದಲಿಂದ ಎಣಿಸ್ಬೇಕು.”

“ಎಣಿಸು, ಎಣಿಸು. ನಾನೂ ಐವತ್ತು ವರ್ಷ ಅಂಗಿ ಹೊಲಿದೋನು. ಆಳು ನೋಡಿದ್ರೆ ಅಳತೆ ಗೊತ್ತಾಗುತ್ತೆ, ಆದ್ರೂ ಟೇಪ್ ಇಡದೆ ಕತ್ತರಿ ಹಾಕಿಲ್ಲ.” ಮುದುಕರ ಕಣ್ಣು ಅವಳ ಕೋಟಿನ ಮೇಲೆ ನಿಂತಿತು. “ಈ ಗುಂಡಿ ಯಾರು ಹೊಲಿದಿದ್ದು? ಕೋಟು ಬಿಳಿ, ದಾರ ನೀಲಿ! ಕುರುಡರಾ?”

ಔಷಧದ ಬೀರುವಿನ ಬಳಿ ಮೊದಲ ತುತ್ತನ್ನು ಬಾಯಿಗಿಡುತ್ತಿದ್ದ ಸಿಸ್ಟರಿಗೆ ನಗು ಉಕ್ಕಿ ತುತ್ತು ನೆತ್ತಿಗೇರಿತು. ಹಿಂದಿನ ಸಂಜೆ ನಿಂತುಕೊಂಡೇ ಹೊಲಿದವರು ಅವರೇ. ಆಯಾ ಓಡಿಬಂದು ಬೆನ್ನು ತಟ್ಟಿ, ಸ್ಟೂಲೊಂದನ್ನು ಎಳೆದುಹಾಕಿದಳು. “ಇವತ್ತಾದ್ರೂ ಕೂತು ತಿನ್ನಿ ತಾಯೀ.”

ಸಿಸ್ಟರು ಕೂತರು. ಎರಡನೆಯ ತುತ್ತನ್ನೂ ಕೂತೇ ತಿಂದರು. ಮೂರನೆಯದಕ್ಕೆ ಕೈ ಹಾಕಿದಾಗ, ಬೆಳಗಿನಿಂದ ಗೊಣಗುತ್ತಲೇ ಇದ್ದ ಆರನೆಯ ಮಂಚದವರು ಏಕೋ ಸುಮ್ಮನಾಗಿದ್ದು ಕಿವಿಗೆ ಬಿತ್ತು. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಎದ್ದರು. ಅವರು ಅಲ್ಲಿಗೆ ತಲುಪುವಷ್ಟರಲ್ಲಿ ಅಕ್ಕನ ಮಗಳು ಆ ಮಂಚದ ಪಕ್ಕದಲ್ಲಿ, ಕೈ ಹಿಡಿದು, ಗಡಿಯಾರ ನೋಡುತ್ತ ನಿಂತಿದ್ದಳು.