ಬೆಟ್ಟ ಇರುವ ಕಡೆಯೇ ಉತ್ತರ

ಜಾವಾ ದ್ವೀಪದ ಜೋಗ್ಜಾ ಊರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಪ್ಪತ್ತಾರು ವರ್ಷದಿಂದ ಕೂತಿರುವವನು ಯೊಹಾನೆಸ್ ತುಮಿಜಾನ್. ಅತಿಥಿಗೃಹದ ಕಾವಲುಗಾರ ಎಂದು ಅವನ ಕೆಲಸಕ್ಕೆ ಹೆಸರು. ಕಾಯುವಂಥದ್ದು ಅಲ್ಲೇನೂ ಇಲ್ಲದ್ದರಿಂದ, ಬೆನ್ನಿಗೆ ದೊಡ್ಡ ಚೀಲ ಹೊತ್ತು ದೇಶದೇಶಗಳಿಂದ ಬರುವವರಿಗೆ ದಾರಿ ತೋರಿಸುವುದೇ ಅವನ ಉದ್ಯೋಗವಾಯಿತು. ನಾವು ಜೋಗ್ಜಾದವರು ಎಡ ಬಲ ಎನ್ನುವವರಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವನಿಗೂ "ಸ್ವಲ್ಪ ಪಶ್ಚಿಮಕ್ಕೆ ಸರಿಯಪ್ಪ" ಅನ್ನುತ್ತೇವೆ. ಉತ್ತರಕ್ಕೆ ಮೆರಾಪಿ ಬೆಟ್ಟ ಹೊಗೆ ಬಿಡುತ್ತ ನಿಂತಿರುವಾಗ ದಿಕ್ಕು ತಪ್ಪುವುದಾದರೂ ಹೇಗೆ? ಬೆಟ್ಟ ಇರುವ ಕಡೆಯೇ ಉತ್ತರ. ಇದನ್ನು ತುಮಿಜಾನನಿಗೆ ಅವನ ಅಜ್ಜ ನಡೆಯಲು ಕಲಿಸುವಾಗಲೇ ಕಲಿಸಿದ್ದ.

'ಗೊತ್ತಿಲ್ಲ' ಎಂಬ ಮಾತು ಮಾತ್ರ ಅವನ ಬಾಯಿಂದ ಬಂದದ್ದೇ ಇರಲಿಲ್ಲ. ಹೆಸರೇ ಕೇಳದ ಜಾಗ ವಿಚಾರಿಸಿದರೂ "ಉತ್ತರಕ್ಕೆ ಹೋಗಿ, ಹತ್ತಿರವೇ" ಎಂದು ಕೈ ಚಾಚುತ್ತಿದ್ದ. ಅಂಥವರಲ್ಲಿ ಕೆಲವರು ಸಂಜೆ ಬೆವರಿ ಕೆಂಪಾಗಿ ಹಿಂದಿರುಗುವ ಹೊತ್ತಿಗೆ ತನಗೆ ಒಳಗೆ ಏನೋ ಕೆಲಸ ಬೀಳುತ್ತಿತ್ತು ಎಂದು ಈಗ ಅವನೇ ನಗುತ್ತ ಒಪ್ಪಿಕೊಳ್ಳುತ್ತಾನೆ. ಇಷ್ಟು ಜನರಿಗೆ ಲೋಕ ತೋರಿಸಿದವನು ತಾನು ಮಾತ್ರ ಆ ಕುರ್ಚಿ ಬಿಟ್ಟು ಎಲ್ಲಿಗೂ ಹೋದವನಲ್ಲ.

ಐವತ್ತೊಂದನೆಯ ವಯಸ್ಸಿನಲ್ಲಿ ಅವನೂ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟದ್ದು ತಿಯುರ್ಮಾ ಕಾರಣದಿಂದ. ಅವಳು ಗಲ್ಲಿಯ ತುದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯವಳು. ಸುಮಾತ್ರಾದ ಬಾತಾಕ್ ಜನಾಂಗದ ಹೆಂಗಸು, ಗಂಡ ತೀರಿಕೊಂಡು ಆರು ವರ್ಷ. ಭಾನುವಾರದ ಚರ್ಚಿನಲ್ಲಿ ಅವಳದು ಮುಂದಿನ ಬೆಂಚು, ತುಮಿಜಾನನದು ಅದರ ಹಿಂದಿನದು. ಆರು ವರ್ಷ ಅವನು ಪಾದ್ರಿಯ ಪ್ರವಚನಕ್ಕಿಂತ ಅವಳ ಜಡೆಯನ್ನೇ ಹೆಚ್ಚು ಕೇಳಿಸಿಕೊಂಡಿದ್ದ. ಈಗ ಅವಳ ಅಣ್ಣ, ಇನ್ನು ಒಬ್ಬಳೇ ಇದ್ದದ್ದು ಸಾಕು, ಊರಿಗೆ ಬಂದುಬಿಡು ಎಂದು ಪಟ್ಟು ಹಿಡಿದಿದ್ದ. ಗುರುವಾರದ ಬಸ್ಸು. ಅಂದು ಶನಿವಾರ.

"ಕೇಳೋದಾದ್ರೆ ಕೇಳಿಬಿಡು. ಇಲ್ಲಾಂದ್ರೆ ಗುರುವಾರ ಬಸ್ ಸ್ಟ್ಯಾಂಡಿಗೆ ಬಂದು ಕೈ ಬೀಸು," ಎಂದ ಸೈಕಲ್ ರಿಕ್ಷಾದ ವಗಿಯೊ. ಅವನು ತುಮಿಜಾನನ ಬಾಲ್ಯದ ಗೆಳೆಯ.

"ಈ ಗಲ್ಲೀಲಾ? ಇಲ್ಲಿ ನಾನು ಕೆಮ್ಮಿದ್ರೆ ಆ ತುದೀಲಿ ಔಷಧಿ ಹೇಳ್ತಾರೆ."

ಹಾಗೆ ಸೆಮರಾಂಗಿನ ಪ್ರವಾಸ ನಿಶ್ಚಯವಾಯಿತು. ವ್ಯಾನಿನಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿನ ಸಮುದ್ರದ ದಂಡೆಯಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ, ತುಮಿಜಾನ್ ಕೇಳಬೇಕು. ಜೊತೆಗೆ ವಗಿಯೊ ಮತ್ತು ಅವನ ಹೆಂಡತಿ ಸುತಿನಾ ಇದ್ದರೆ ಯಾರೂ ಆಡಿಕೊಳ್ಳುವಂತಿಲ್ಲ. ಪ್ರವಾಸಿಗರು ಬಿಟ್ಟುಹೋದ ಚೀಲಗಳು ಅತಿಥಿಗೃಹದ ಉಗ್ರಾಣದಲ್ಲಿ ಬೇಕಾದಷ್ಟಿದ್ದವು. ತುಮಿಜಾನ್ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿದ. ಆರೂವರೆ ಅಡಿಯ ಯಾವನಿಗೋ ಹೊಲಿದ ಆ ಚೀಲ ಅವನ ತಲೆಗಿಂತ ಮೇಲೆ ಎದ್ದು, ಕೆಳಗೆ ತೊಡೆಗೆ ಬಡಿಯುತ್ತಿತ್ತು. ಒಳಗಿದ್ದದ್ದು ಒಂದು ಅಂಗಿ, ಒಂದು ಟವೆಲು, ಚೀಲ ತುಂಬಿರುವ ಹಾಗೆ ಕಾಣಲೆಂದು ತುರುಕಿದ ಎರಡು ದಿಂಬು.

ವಾಂತಿ ಬಾರದಿರಲೆಂದು ನುಂಗಿದ ಮಾತ್ರೆಯಿಂದ ಅರ್ಧ ದಾರಿ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆದ. ಎಚ್ಚರವಾದಾಗ ಸೆಮರಾಂಗಿನ ನಡುವೆ, ಐದು ರಸ್ತೆ ಕೂಡುವ ದೊಡ್ಡ ವೃತ್ತದಲ್ಲಿ ವ್ಯಾನು ನಿಂತಿತ್ತು. ಮೋಟಾರ್‌ಸೈಕಲ್ಲುಗಳ ಗದ್ದಲ, ಮೈಕು, ಕಡಲೆಕಾಯಿ ಸಾರು ಸುರಿದ ತೋಫುವಿನ ವಾಸನೆ. ಸಿಗಡಿ ವಡೆ ಕರಿಯುತ್ತಿದ್ದ ಹೆಂಗಸೊಬ್ಬಳು ಚೀಲ ನೋಡಿ "ಹಲೋ ಮಿಸ್ಟರ್!" ಎಂದು ಕೂಗಿದಳು. ಇಪ್ಪತ್ತಾರು ವರ್ಷ ತಾನು ಬೇರೆಯವರನ್ನು ಕೂಗಿದ ಮಾತು ಅದು. ತುಮಿಜಾನ್ ಉಬ್ಬಿಹೋದ. ಎರಡು ತಟ್ಟೆ ತಿಂದ.

ಎರಡು ಗಂಟೆಗೆ ಕೈ ಒರೆಸಿಕೊಂಡು ಸುತ್ತ ನೋಡಿದ. ಸೆಮರಾಂಗಿನ ಸಮುದ್ರ ಊರಿನ ಉತ್ತರಕ್ಕಿದೆ. ಅದು ಶಾಲೆಯಲ್ಲಿ ಕಲಿತದ್ದು. ಕಟ್ಟಡಗಳ ಆಚೆ ನೀಲಿಯಾಗಿ ಒಂದು ಬೆಟ್ಟ ಕಂಡಿತು. ಬೆಟ್ಟ ಇರುವ ಕಡೆಯೇ ಉತ್ತರ. ಅದು ಅಜ್ಜನಿಂದ ಕಲಿತದ್ದು. ಎರಡನ್ನೂ ಕೂಡಿಸಿ ಅವನು ಕೈ ಚಾಚಿದ.

"ಈ ಕಡೆ. ಹತ್ತಿರವೇ. ನಡ್ಕೊಂಡೇ ಹೋಗೋಣ, ಬೆನ್ನಿಗೆ ಚೀಲ ಹಾಕ್ಕೊಂಡೋರು ನಡೀಬೇಕು."

ಆ ಬೆಟ್ಟ ಸೆಮರಾಂಗಿನ ದಕ್ಷಿಣಕ್ಕಿದೆ ಎಂಬುದು ಅಲ್ಲಿನ ಮಗುವಿಗೂ ಗೊತ್ತು. ಮಗುವನ್ನು ಯಾರು ಕೇಳುತ್ತಾರೆ?

"ಫೋನಿನಲ್ಲಿ ನೋಡೋಣ್ವಾ?" ಎಂದಳು ಸುತಿನಾ.

"ಫೋನ್ ನೋಡೋದು ದಾರಿ ಗೊತ್ತಿಲ್ಲದೋರು, ಮ್ಯಾಡಂ."

ತಿಯುರ್ಮಾ ನಿಂತು ಗಾಳಿ ಮೂಸಿದಳು. ಜಾವಾದ ಮರ್ಯಾದೆಯಂತೆ ಅವನ ಹೆಸರಿಗೆ 'ಮಾಸ್' ಸೇರಿಸಿಯೇ ಕೇಳಿದಳು: "ಮಾಸ್ ತುಮಿಜಾನ್, ಉಪ್ಪು ಗಾಳಿ ನಮ್ಮ ಬೆನ್ನ ಹಿಂದಿನಿಂದ ಬರ್ತಿದೆಯಲ್ಲ?"

ಸಮುದ್ರದ ಗಾಳಿ ಬೆಟ್ಟಕ್ಕೆ ಬಡಿದು, ಸುತ್ತಿ, ಹಿಂದಿನಿಂದ ಬರುತ್ತದೆ ಎಂದು ತುಮಿಜಾನ್ ಅಲ್ಲೇ ನಿಂತು ವಿವರಿಸಿದ. ಎಲ್ಲಿ ಓದಿದಿರಿ ಎಂದು ಅವಳು ಕೇಳಲಿಲ್ಲ, ಸದ್ಯ. "ಹಾಗೋ," ಎಂದಳು, ಮತ್ತೆ ಬಾಯಿ ತೆರೆಯಲಿಲ್ಲ. ಬಾಯಿ ತೆರೆದರೆ ಇಡೀ ಗಲ್ಲಿಗೆ ಕೇಳಿಸುವಂಥ ಹೆಂಗಸು ಹಾಗೆ ಸುಮ್ಮನಾದದ್ದು ಕಂಡು ಅವನ ಎದೆ ಸ್ವಲ್ಪ ಅಳುಕಿತು.

ದಾರಿಯಲ್ಲಿ ಜನರನ್ನು ಕೇಳದೆ ಇರಲಿಲ್ಲ. ಆದರೆ ಜಾವಾದವನು ಕೇಳುವ ರೀತಿಯಲ್ಲಿ ಕೇಳಿದ: "ಸಮುದ್ರಕ್ಕೆ ಹೀಗೇ ಅಲ್ವೇ ಪಾಕ್?" ಪಾಕ್ ಎಂದರೆ ನಮ್ಮಲ್ಲಿ ಸ್ವಾಮಿ ಎಂದ ಹಾಗೆ, ಹೆಂಗಸರಿಗಾದರೆ ಬು. ಜಾವಾದಲ್ಲಿ ಹೀಗೆ ಕೇಳಿದವರಿಗೆ, ಅದರಲ್ಲೂ ತಲೆ ನರೆತವರಿಗೆ, 'ಅಲ್ಲ' ಎನ್ನುವ ಒರಟರು ಇನ್ನೂ ಹುಟ್ಟಿಲ್ಲ. ಟೈರಿನಂಗಡಿಯ ಮುದುಕ "ಹೌದೌದು, ನಿಧಾನಕ್ಕೆ ಹೋಗಿ," ಎಂದ. ಪೊಲೀಸಿನವನು ಚೀಲ ನೋಡಿ, ಬೆಟ್ಟ ನೋಡಿ, "ಹೌದು ಪಾಕ್, ಆದ್ರೆ ಸ್ವಲ್ಪ ದೂರ ಆಗ್ಬಹುದು," ಎಂದ. ತುಮಿಜಾನ್ ತಾನೂ ಇಷ್ಟು ವರ್ಷ ಇದನ್ನೇ ಮಾಡಿದವನು. ಆದರೂ ಪ್ರತಿ ಸಲ 'ಹೌದು' ಸಿಕ್ಕಾಗಲೂ ಗೆಳೆಯರತ್ತ ತಿರುಗಿ, ನೋಡಿದ್ರಾ ಎಂಬಂತೆ ಹುಬ್ಬು ಹಾರಿಸಿದ.

ಮೂರು ಗಂಟೆಗೆ ರಸ್ತೆ ಏರತೊಡಗಿತು. ಸಮುದ್ರಕ್ಕೆ ಹೋಗುವ ರಸ್ತೆ ಏರುವುದು ಅವನಿಗೂ ವಿಚಿತ್ರವೆನಿಸಿತು. ಇನ್ನೂ ವಿಚಿತ್ರವೆಂದರೆ ಸೂರ್ಯ ಅವನ ಬಲಗಡೆಗಿದ್ದ. ಉತ್ತರಕ್ಕೆ ಮುಖ ಮಾಡಿದವನಿಗೆ ಬಲಗಡೆ ಪೂರ್ವ. ಮಧ್ಯಾಹ್ನ ಮೂರಕ್ಕೆ ಸೂರ್ಯ ಪೂರ್ವದಲ್ಲಿ! ಬೇರೆ ಯಾವನಾದರೂ ಆಗಿದ್ದರೆ ತನ್ನನ್ನು ತಾನು ಅನುಮಾನಿಸುತ್ತಿದ್ದ. ತುಮಿಜಾನ್ ಸೂರ್ಯನನ್ನು ಅನುಮಾನಿಸಿದ. ಕರಾವಳಿಯಲ್ಲಿ ಬಿಸಿಲಿನ ರೀತಿಯೇ ಬೇರೆ ಇರಬಹುದು ಎಂದು ತಲೆಗೆ ಟವೆಲು ಕಟ್ಟಿಕೊಂಡ.

ನಾಲ್ಕೂವರೆಗೆ ಒಂದು ಚಹಾದಂಗಡಿಯ ಬೆಂಚಿನ ಮೇಲೆ ವಗಿಯೊ ಉರುಳಿಕೊಂಡ. "ಲೋ, ಮೂವತ್ತು ವರ್ಷ ರಿಕ್ಷಾ ತುಳಿದ ಕಾಲು ಇವು. ಇಂಥ ಏರಿಗೆ ನಾನು ಸವಾರಿಯೋರನ್ನೇ ಇಳಿಸಿ ತಳ್ಳಿಸ್ತಿದ್ದೆ. ನೀನು ಹೋಗಿ ಸಮುದ್ರ ಸಿಕ್ಕಿದ್ಮೇಲೆ ಹೇಳಿ ಕಳಿಸು."

ಸುತಿನಾ ಚಪ್ಪಲಿ ಬಿಚ್ಚಿ, ಗುಳ್ಳೆಯೆದ್ದ ಹಿಮ್ಮಡಿಯನ್ನು ಎಲ್ಲರಿಗೂ ಕಾಣುವಂತೆ ಚಾಚಿ ಕೂತಳು. ತಿಯುರ್ಮಾ ಮಾತ್ರ ತನ್ನ ಚೀಲದ ಪಟ್ಟಿ ಬಿಗಿಮಾಡಿಕೊಂಡು, "ನಡೀರಿ ಮಾಸ್," ಎಂದಳು.

ಇಬ್ಬರೇ ಹತ್ತಿದರು. ಬಾಯಿಪಾಠ ಮಾಡಿಕೊಂಡು ಬಂದ ಮಾತು ಪ್ರತಿ ತಿರುವಿಗೂ ಒಂದೊಂದು ಸಾಲು ಉದುರಿಹೋಗುತ್ತಿತ್ತು. 'ಅಲೆಗಳ ಸಾಕ್ಷಿಯಾಗಿ' ಎಂದು ಶುರುವಾಗುತ್ತಿತ್ತು ಅದು. ಇಲ್ಲಿ ಅಲೆ ಎಲ್ಲಿ? ಸಿಮೆಂಟ್ ಲಾರಿಗಳು ಏರಲಾರದೆ ನರಳುತ್ತಿದ್ದವು. ಸೂರ್ಯ ಇಳಿಯುತ್ತಿದ್ದ, ಗುರುವಾರ ಹತ್ತಿರವಾಗುತ್ತಿತ್ತು. ತಾನು ಈ ಹೆಂಗಸನ್ನು ಕಳೆದುಕೊಳ್ಳುತ್ತಿದ್ದೇನೆ, ಅದೂ ನಡೆದುಕೊಂಡು, ಹೆಜ್ಜೆ ಹೆಜ್ಜೆಗೂ, ಎಂದು ಅವನಿಗೆ ಅಳುವೇ ಬಂತು.

ಏರಿನ ತುದಿಯಲ್ಲಿ ರಸ್ತೆ ಹೊರಳಿತು. ಅಲ್ಲೊಂದು ತಡೆಗೋಡೆ. ತಿಯುರ್ಮಾ ಅದಕ್ಕೆ ಒರಗಿ ನಿಂತು ಕೆಳಗೆ ನೋಡಿದಳು. ಅವನೂ ನೋಡಿದ. ಇಡೀ ಸೆಮರಾಂಗ್ ಕಾಲಡಿಯಲ್ಲಿ ಹರಡಿತ್ತು. ಮಧ್ಯಾಹ್ನದಿಂದ ನಡೆದುಬಂದ ದಾರಿಯ ಆಚೆ, ಐದು ರಸ್ತೆಯ ವೃತ್ತದ ಆಚೆ, ಹಳೆಯ ಊರಿನ ಹೆಂಚುಗಳ ಆಚೆ, ಹಡಗುಗಳನ್ನು ಹೊತ್ತ ಸಮುದ್ರ ತಾಮ್ರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಲ್ಲಿಂದ ಹೊರಟ ಗಾಳಿ ನೇರ ಅವನ ಮುಖಕ್ಕೆ ಬಡಿಯಿತು. ಉಪ್ಪುಪ್ಪು.

ಸುತ್ತಿ ಬರುವ ಗಾಳಿಯ ಬಗ್ಗೆ ಇನ್ನೊಂದು ವಿವರಣೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ಚೀಲ ಕೆಳಗಿಳಿಸಿದ.

"ಬು ತಿಯುರ್ಮಾ, ನನಗೆ ದಾರಿ ಗೊತ್ತಿಲ್ಲ. ಆಗ್ಲೂ ಗೊತ್ತಿರ್ಲಿಲ್ಲ. ಸುಮ್ನೆ ಕೈ ತೋರಿಸ್ದೆ."

ತಿಯುರ್ಮಾ ಅವನನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದವಳು ತಡೆಗೋಡೆ ಹಿಡಿದುಕೊಂಡು ನಕ್ಕಳು.

"ಟೈರಿನಂಗಡಿ ಹತ್ರ ಹೇಳ್ತೀರಿ ಅಂದ್ಕೊಂಡೆ. ಪೊಲೀಸಿನೋನ ಹತ್ರ ಅಂದ್ಕೊಂಡೆ. ಚಹಾದಂಗಡೀಲಿ ಆಸೆ ಬಿಟ್ಟೆ. ನನ್ನ ಯಜಮಾನರು ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಈ ಮಾತು ಒಂದ್ಸಲಾನೂ ಹೇಳ್ಲಿಲ್ಲ, ಪುಣ್ಯಾತ್ಮ. ಅಂಥ ಇನ್ನೊಬ್ರ ಹಿಂದೆ ನಡೆಯೋ ಶಕ್ತಿ ನನ್ನ ಕಾಲಿಗಿಲ್ಲ, ಅದಕ್ಕೇ ಕೊನೇವರೆಗೂ ನೋಡಿಬಿಡೋಣ ಅಂತ ಬಂದೆ."

ಅಂದರೆ ಅವಳಿಗೆ ಗೊತ್ತಿತ್ತು. ದಾರಿಯೂ ಗೊತ್ತಿತ್ತು, ಅವನು ಕರೆದುಕೊಂಡು ಬಂದದ್ದು ಯಾಕೆಂಬುದೂ ಗೊತ್ತಿತ್ತು. ತುಮಿಜಾನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಲೆಗಳ ಸಾಕ್ಷಿಯ ಮಾತಿನಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

"ಗುರುವಾರ ಹೋಗ್ಬೇಡಿ," ಎಂದ.

"ಇದು ಗೊತ್ತಿದ್ದು ಹೇಳ್ತಿದೀರೋ, ಸುಮ್ನೆ ಕೈ ತೋರಿಸ್ತಿದೀರೋ?"

"ಆರು ವರ್ಷದಿಂದ ಇದೊಂದೇ ಗೊತ್ತಿರೋದು."

ಅವಳು ಫೋನು ತೆಗೆದು ಅಣ್ಣನಿಗೆ ಹಚ್ಚಿದಳು. ಬಾತಾಕ್ ಮಾತು, ತುಮಿಜಾನನಿಗೆ ಒಂದೂ ಅರ್ಥವಾಗದು. ಆ ಕಡೆಯಿಂದ ಅಣ್ಣ ಅರಚುವುದು ಮಾತ್ರ ಲಾರಿಗಳ ಸದ್ದಿನ ಮೇಲೂ ಕೇಳಿಸುತ್ತಿತ್ತು. ಇವಳೂ ಅರಚಿದಳು. ಒಮ್ಮೆ ತುಮಿಜಾನನ ಕಡೆ ಕೈ ತೋರಿಸಿದಳು, ಒಮ್ಮೆ ಬೆಟ್ಟದ ಕಡೆ, ಒಮ್ಮೆ ಸಮುದ್ರದ ಕಡೆ. ಸೂರ್ಯ ಮುಳುಗಿದ್ದನ್ನು ಇಬ್ಬರೂ ನೋಡಲಿಲ್ಲ. ಕೊನೆಗೆ ಆ ಕಡೆಯ ಅರಚಾಟ ನಿಂತಿತು. ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡಳು.

"ಏನಂದ್ರಿ ಅಣ್ಣನಿಗೆ?" ಅವನ ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಇಲ್ಲೊಬ್ರನ್ನ ಮದುವೆ ಆಗ್ತಿದೀನಿ ಅಂದೆ. ಅವ್ರಿಗೆ ದಿಕ್ಕೇ ಗೊತ್ತಾಗಲ್ಲ, ಒಬ್ರನ್ನೇ ಬಿಟ್ಟು ಬಂದ್ರೆ ಕಳೆದುಹೋಗ್ತಾರೆ, ಅದಕ್ಕೇ ಬರೋಕಾಗಲ್ಲ ಅಂದೆ."