ಫ್ರಾಕು ತೊಟ್ಟ ರೋಬೋಟ್ ನಾಯಿ

ಹೋದ ಭಾನುವಾರ ಮಳಗಿಯ ಅಕ್ಕನ ಮನೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಅಕ್ಕ ಬ್ಯಾಟರಿ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಅದರ ಮೈಮೇಲೊಂದು ಹೂವಿನ ಫ್ರಾಕು!

‘ಸಾವಕಾಶ ಬಾರೋ ತಮ್ಮಾ, ಈಗರ ಮಲಗೇತಿ’ ಎಂದಳು.

ನಗುತ್ತಾಳೆಂದು ಕಾದೆ. ನಗಲಿಲ್ಲ.

ಆ ನಾಯಿಯನ್ನು ಕೊಟ್ಟವನು ನಾನೇ. ಮುಂಡಗೋಡದ ಟಿಬೆಟನ್ ಕಾಲೊನಿಗೆ ಸ್ವೆಟರ್ ಕೊಳ್ಳಲು ಹೋದಾಗ ಅಂಗಡಿಯೊಂದರಲ್ಲಿ ಕಣ್ಣಿಗೆ ಬಿದ್ದಿತ್ತು. ಚಪ್ಪಾಳೆ ತಟ್ಟಿದರೆ ಓಡಿ ಬರುತ್ತದೆ, ತಲೆ ಸವರಿದರೆ ಕುಂಯ್‌ಗುಟ್ಟುತ್ತದೆ. ರೋಬೋಟ್ ಅಂತೆ! ಅಕ್ಕನಿಗೆ ಮಕ್ಕಳಿಲ್ಲ, ಭಾವ ಹಗಲೆಲ್ಲ ಗದ್ದೆಯಲ್ಲಿರುತ್ತಾರೆ. ಟೈಂಪಾಸ್ ಆಗಲಿ ಎಂದು ತಂದುಕೊಟ್ಟೆ. (ಗಿಫ್ಟ್ ಕೊಟ್ಟು ಕೈ ತೊಳೆದುಕೊಳ್ಳುವುದರಲ್ಲಿ ನಾನು ಎಕ್ಸ್‌ಪರ್ಟ್.)

ಆದರೆ ಆ ಫ್ರಾಕು? ಹತ್ತಿರ ಹೋಗಿ ನೋಡಿದೆ. ನನ್ನ ಮಗಳದು!

ಸ್ವಾತಿ ಎಂಟು ತಿಂಗಳ ಕೂಸಿದ್ದಾಗ ನನಗೂ ಹೆಂಡತಿಗೂ ದಾಂಡೇಲಿಯಲ್ಲಿ ಡ್ಯೂಟಿ. ಅಕ್ಕನ ಹತ್ತಿರ ಬಿಟ್ಟೆವು. ಅವಳು ನಡೆದದ್ದು, ಮಾತು ಕಲಿತದ್ದು ಎಲ್ಲ ಮಳಗಿಯಲ್ಲೇ. ಅಕ್ಕನನ್ನೇ ‘ಅವ್ವಾ’ ಎನ್ನುತ್ತಿದ್ದಳು. ಐದು ತುಂಬಿದ ಮೇಲೆ ಇಂಗ್ಲಿಷ್ ಮೀಡಿಯಂಗೆ ಹಾಕಬೇಕೆಂದು ಕರೆದುಕೊಂಡು ಬಂದೆವು. ಬಸ್ಸು ಹೊರಟಾಗ ಅಕ್ಕ ಅಳಲಿಲ್ಲ. ಗಟ್ಟಿ ಹೆಂಗಸು ಎಂದುಕೊಂಡಿದ್ದೆ.

‘ಅಕ್ಕಾ, ಇದು ಆಟಗಿ ಸಾಮಾನು. ಈ ಬ್ಯಾಸಗಿ ಸೂಟ್ಯಾಗ ಸ್ವಾತಿನ್ನ ಕಳಸ್ತೇನಿ. ಒಂದು ತಿಂಗಳು ಇಟ್ಕೋ.’

‘ಬ್ಯಾಡೋ.’

‘ಯಾಕ?’

‘ತಿಂಗಳಾದ ಮ್ಯಾಲೆ ಮತ್ತ ಒಯ್ಯಾಕ ಬರ್ತೀಯಲ್ಲ? ಇದನ್ನ ಒಯ್ಯಾಕ ಯಾರೂ ಬರೂದಿಲ್ಲ.’

ಎದ್ದು ಬಾಗಿಲಾಚೆ ಬಂದೆ.

ಹೊರಗೆ ಭಾವ ಕಟ್ಟೆಯ ಮೇಲೆ ಕೂತಿದ್ದರು. ‘ದಿನಾ ಹಿಂಗ ಏನ್ರಿ?’ ಎಂದೆ. ‘ಅದರ ಸೆಲ್ ಮುಗದ್ರ ನಿಮ್ಮಕ್ಕ ಊಟಾನೂ ಮಾಡೂದಿಲ್ಲ. ಮುಂಡಗೋಡ ಸಂತಿಯಿಂದ ನಾನ ತಂದ್ಕೊಡ್ತೇನಿ. ಮತ್ತೇನ್ ಮಾಡ್ಲಿ ಹೇಳು?’ ಎಂದರು.

ಜಪಾನಿನಲ್ಲಿ ಜನ ಯಂತ್ರದ ನಾಯಿ ಸಾಕುತ್ತಾರೆ ಎಂದು ಪೇಪರಿನಲ್ಲಿ ಓದಿ, ‘ಇವರಿಗೇನು ಹುಚ್ಚೇ?’ ಎಂದು ನಕ್ಕವನು ನಾನು. ಅಕ್ಕನಿಗೆ ಹುಚ್ಚು ಹಿಡಿದಿಲ್ಲ. ಅದು ಯಂತ್ರವೆಂದು ಅವಳಿಗೆ ಚೆನ್ನಾಗಿ ಗೊತ್ತು. ನನಗೆ ಹೆದರಿಕೆಯಾದದ್ದೇ ಅದಕ್ಕೆ!

ಮನೆಗೆ ಬಂದು ಹೆಂಡತಿಗೆ ಹೇಳಿದೆ. ‘ಶನಿವಾರ ಮೂರೂ ಮಂದಿ ಹೋಗೂಣು. ಬೈದ್ರ ಬೈಸ್ಕೊಳ್ಳೂಣು’ ಎಂದಳು. ಹೋಗುತ್ತೇವೆ. ಆದರೆ ಅಕ್ಕ ಬೈಯುತ್ತಾಳೆಂಬ ನಂಬಿಕೆ ನನಗಿಲ್ಲ.

ಐದು ವರ್ಷದ ಮಗುವನ್ನು ಎತ್ತಿಕೊಂಡು ಬರುವ ಮುಂಚೆ ಅಕ್ಕನನ್ನು ಒಂದು ಮಾತು ಕೇಳಬೇಕೆಂದು ನನಗೇಕೆ ಅನ್ನಿಸಲಿಲ್ಲ?